ಠಾಣೆಗಳ ಲೆಕ್ಕ ಬಿಟ್ಟು ತನಿಖಾಧಿಕಾರಿಗಳ ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಹೊರವಲಯದಲ್ಲಿ ಮನೆಗಳವು ಹೆಚ್ಚಾದಾಗಲೆಲ್ಲ ಹೊಸ ಠಾಣೆಗೆ ಬೇಡಿಕೆ ಏಳುತ್ತದೆ. ಆದರೆ ಯಾವ ಠಾಣೆಯಲ್ಲಾದರೂ ರೈಟರ್ (ಠಾಣೆಯ ಬರವಣಿಗೆ ಕೆಲಸ), ಸೆಂಟ್ರಿ (ಕಾವಲು), ಕೋರ್ಟ್ ಡ್ಯೂಟಿ, ಸಮನ್ಸ್-ವಾರಂಟ್, ಹೊಯ್ಸಳ ಗಸ್ತು, ಪಾಸ್‌ಪೋರ್ಟ್ ಪರಿಶೀಲನೆ ಎಂದು ಸಿಬ್ಬಂದಿ ಮೊದಲೇ ಹಂಚಿಹೋಗುತ್ತಾರೆ. ಮಂಜೂರಾದ ಹುದ್ದೆಗಳನ್ನು ಹೆಚ್ಚಿಸದೆ ಒಂದು ಠಾಣೆಯನ್ನು ಎರಡು ಮಾಡಿದರೆ ಈ ಕೆಲಸಗಳೆಲ್ಲ ಇಮ್ಮಡಿಯಾಗಿ, ಕ್ರೈಂ ವಿಭಾಗಕ್ಕೆ ಮೊದಲಿಗಿಂತ ಕಡಿಮೆ ಜನ ಉಳಿಯುತ್ತಾರೆ.

ಒಂದು ಮನೆಗಳವಿನ ತನಿಖೆಗೆ ಏನೆಲ್ಲ ಬೇಕು ನೋಡಿ. ಎಫ್‌ಐಆರ್ ಆದ ಮೇಲೆ ಪಂಚರನ್ನು (ಸಾಕ್ಷಿಗಳನ್ನು) ಕರೆದು ಸ್ಥಳ ಮಹಜರು, ಬೆರಳಚ್ಚು, ಅಕ್ಕಪಕ್ಕದವರ ಹೇಳಿಕೆ. ಆಮೇಲೆ ಕಳ್ಳ ಬಂದ ದಾರಿ, ಹೋದ ದಾರಿಯ ಸಿಸಿಟಿವಿ. ಅಂಗಡಿ, ಅಪಾರ್ಟ್‌ಮೆಂಟ್‌ಗಳ ಡಿವಿಆರ್‌ಗಳಲ್ಲಿ (ಸಿಸಿಟಿವಿ ದೃಶ್ಯ ದಾಖಲಿಸುವ ಯಂತ್ರ) ಸಾಮಾನ್ಯವಾಗಿ 15ರಿಂದ 30 ದಿನಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತದೆ. ದೃಶ್ಯ ಸಿಕ್ಕರೆ ಸಾಲದು. ದೃಶ್ಯ ತಿದ್ದಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯ (ಕಡತದ ಡಿಜಿಟಲ್ ಗುರುತು) ಸಹಿತ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರವೂ ಬೇಕು. ಮೊಬೈಲ್ ಕರೆ ವಿವರಕ್ಕೆ ಮೇಲಧಿಕಾರಿಗಳ ಕಚೇರಿ ಮೂಲಕ ಪತ್ರ ಹೋಗಬೇಕು. ಆರೋಪಿಯ ಸುಳಿವು ಹೊರರಾಜ್ಯದಲ್ಲಿ ಸಿಕ್ಕರಂತೂ ಒಬ್ಬ ಪಿಎಸ್‌ಐ (ಸಬ್‌ ಇನ್‌ಸ್ಪೆಕ್ಟರ್) ಕೆಲವು ಸಿಬ್ಬಂದಿಯೊಂದಿಗೆ ಹಲವು ದಿನ ಹೊರಗೇ ಇರಬೇಕಾಗುತ್ತದೆ. ಅಷ್ಟರಲ್ಲಿ ಅವರ ಬಳಿಯಿರುವ ಬೇರೆ ಪ್ರಕರಣಗಳ ಡಿವಿಆರ್ ಅಳಿಸಿಹೋಗಿರುತ್ತದೆ.

ಇನ್ನು ಕಾನೂನಿನ ಗಡುವು. ಆರೋಪಿ ಬಂಧನದಲ್ಲಿದ್ದರೆ ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ದೋಷಾರೋಪ ಪಟ್ಟಿ ಹೋಗಲೇಬೇಕು. ತಪ್ಪಿದರೆ ಜಾಮೀನು ಅವನ ಹಕ್ಕು. ಅತ್ಯಾಚಾರ ಮತ್ತು ಪೋಕ್ಸೊ ಪ್ರಕರಣಗಳಿಗೆ ಎರಡು ತಿಂಗಳು. ಇವೆಲ್ಲ ಅಗತ್ಯವೇ. ಆದರೆ ಮೇಜಿನ ಮೇಲೆ ಕಡತ ಬೆಳೆದಂತೆ ಗಡುವಿರುವುದು ಮೇಲಕ್ಕೆ ಬಂದು, ಆರೋಪಿ ಯಾರೆಂದೇ ಗೊತ್ತಿಲ್ಲದ ಕಳವು ಅಡಿಗೆ ಸರಿಯುತ್ತದೆ. ಕೊನೆಗೆ ಪತ್ತೆಯಾಗದ ಪ್ರಕರಣವೆಂದು ‘ಸಿ’ ರಿಪೋರ್ಟ್. ಒಡವೆ ಕಳೆದುಕೊಂಡವರಿಗೆ ಇದು ಪೊಲೀಸರ ಉದಾಸೀನದಂತೆ ಕಾಣುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಇದು ಕೈ ಸಾಲದ ಫಲ.

ಸೈಬರ್ ವಂಚನೆಯ ಸ್ಥಿತಿ ಇನ್ನೂ ಕಷ್ಟ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಕಲಂ ಪ್ರಕಾರ ಆ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನ ದರ್ಜೆಯವರೇ ತನಿಖೆ ಮಾಡಬೇಕು. ಠಾಣೆಯ ಇನ್‌ಸ್ಪೆಕ್ಟರ್ ಎಂದರೆ ಠಾಣಾಧಿಕಾರಿಯೂ ಹೌದು, ಬಂದೋಬಸ್ತಿನ ಹೊಣೆಗಾರರೂ ಹೌದು. ಐಟಿ ಉದ್ಯೋಗಿಗಳು ತುಂಬಿರುವ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಭಾಗದಲ್ಲಿ ಇಂಥ ದೂರುಗಳೆಲ್ಲ ಬೆರಳೆಣಿಕೆಯ ಇನ್‌ಸ್ಪೆಕ್ಟರ್‌ಗಳ ಹೆಸರಿಗೇ ಬೀಳುತ್ತವೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಹಣ ತಡೆಹಿಡಿಸಿದ್ದರೂ, ಅದು ದಾಟಿಹೋದ ಖಾತೆಗಳ ಸರಪಳಿ ಹಿಡಿದು ಬ್ಯಾಂಕುಗಳಿಗೆ ಬರೆಯುವ ಕೆಲಸಕ್ಕೆ ಆಳಿಲ್ಲ.

ಪಿಎಸ್‌ಐ ಮಟ್ಟದ ಕೊರತೆಗೆ ಸರ್ಕಾರಗಳೇ ಹೊಣೆ. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪರೀಕ್ಷೆ ಮುಗಿದ ಮೇಲೂ ನೇಮಕ, ತರಬೇತಿ, ಪ್ರೊಬೇಷನ್ ಆಗಬೇಕು. ಅಷ್ಟು ವರ್ಷ ಆ ಖಾಲಿ ಹುದ್ದೆಗಳ ಪಾಲಿನ ಕಡತಗಳನ್ನು ಹೊತ್ತವರು ಇದ್ದ ಅಧಿಕಾರಿಗಳೇ.

ಹತ್ತು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಂದಲೇ ಆರಂಭಿಸಿ ತನಿಖೆಯನ್ನು ಕಾನೂನು-ಸುವ್ಯವಸ್ಥೆಯಿಂದ ಬೇರ್ಪಡಿಸಿ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಪೊಲೀಸ್ ಸುಧಾರಣೆ ಕುರಿತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿತು. ನಮ್ಮವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲೇ ಇದನ್ನು ಶಿಫಾರಸು ಮಾಡಿತ್ತು. ನಮ್ಮ ಠಾಣೆಗಳಲ್ಲಿ ಪಿಎಸ್‌ಐ (ಕ್ರೈಂ) ಎಂಬ ಹುದ್ದೆಯೇನೋ ಇದೆ. ಗಣೇಶ ವಿಸರ್ಜನೆ, ಚುನಾವಣೆ, ಕ್ರಿಕೆಟ್ ಪಂದ್ಯ ಬಂದರೆ ಅವರೂ ಬಂದೋಬಸ್ತಿಗೆ.

ಗೃಹ ಇಲಾಖೆ ಈಗಲೇ ಮಾಡಬಹುದಾದದ್ದಿದೆ. ಡಿಸಿಪಿಯವರ ಲಿಖಿತ ಆದೇಶವಿಲ್ಲದೆ ಕ್ರೈಂ ಸಿಬ್ಬಂದಿಯನ್ನು ಬಂದೋಬಸ್ತಿಗೆ ಕಳಿಸಬಾರದು. ಸೈಬರ್ ದೂರು ಹೆಚ್ಚಿರುವ ಠಾಣೆಗೆ ತನಿಖೆಗೆಂದೇ ಎರಡನೇ ಇನ್‌ಸ್ಪೆಕ್ಟರ್ ಬೇಕು. ಮೊದಲ ವಾರದಲ್ಲೇ ಡಿವಿಆರ್ ದೃಶ್ಯ ಸಂಗ್ರಹಿಸಿ ಪ್ರಮಾಣಪತ್ರ ಮಾಡಿಸಲು ಪ್ರತಿ ಡಿಸಿಪಿ ವಿಭಾಗಕ್ಕೂ ಪ್ರತ್ಯೇಕ ತಂಡ ಬೇಕು. ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ), ಬ್ಯಾಂಕ್, ಟೆಲಿಕಾಂ ಪತ್ರವ್ಯವಹಾರಕ್ಕೆ ಸಮವಸ್ತ್ರದವರೇ ಬೇಕಿಲ್ಲ, ಗುಮಾಸ್ತರು ಸಾಕು. ಮುಖ್ಯವಾಗಿ, ಪ್ರತಿ ಠಾಣೆಯಲ್ಲಿ ತನಿಖಾಧಿಕಾರಿಯೊಬ್ಬರ ಬಳಿ ಎಷ್ಟು ಪ್ರಕರಣ ಬಾಕಿ ಇವೆ, 90 ದಿನ ಮೀರಿದವು ಎಷ್ಟು ಎಂಬುದನ್ನು ತಿಂಗಳಿಗೊಮ್ಮೆ ಇಲಾಖೆಯ ವೆಬ್‌ಸೈಟಿನಲ್ಲಿ ಪ್ರಕಟಿಸಲಿ. ಹೊಸ ಠಾಣೆ ಎಲ್ಲಿ ಬೇಕು, ಹೆಚ್ಚುವರಿ ಪಿಎಸ್‌ಐ ಎಲ್ಲಿ ಸಾಕು ಎಂಬುದನ್ನು ಆ ಪಟ್ಟಿ ನೋಡಿ ನಿರ್ಧರಿಸಲಿ.

– ನಿವೃತ್ತ ತನಿಖಾಧಿಕಾರಿಗಳು, ಕೆಂಗೇರಿ ಉಪನಗರ