ಹಿನ್ನೀರಿನ ದಡದ ಜಮೀನು: ತಪ್ಪು ಸಲಹೆಯ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಆಸ್ತಿ ಸಲಹಾ ಸಂಸ್ಥೆ, ಬೆಂಗಳೂರು

ವಿಷಯ: ಸಲಹಾ ಶುಲ್ಕ ಮತ್ತು ಮುಂಗಡ ಹಣ ಹಿಂದಿರುಗಿಸುವ ಬಗ್ಗೆ

ಮಾನ್ಯರೇ,

ಕಳೆದ ನವೆಂಬರಿನಲ್ಲಿ ನಿಮ್ಮ ಕಚೇರಿಗೆ ಬಂದು ನಾನು ಕೇಳಿದ್ದು ಒಂದೇ ಪ್ರಶ್ನೆ. ನಿವೃತ್ತಿಯ ಹಣದಲ್ಲಿ 22 ಲಕ್ಷ ರೂಪಾಯಿ ತೆಗೆದಿಟ್ಟಿದ್ದೇನೆ. ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುವಂಥ ಎರಡು ಕೋಣೆಗಳ ಮನೆ ಕಟ್ಟಲು ನೀರಿನ ದಡದಲ್ಲಿ ಎಲ್ಲಿ ಜಾಗ ಕೊಳ್ಳಲಿ? ನೀವು 35,000 ರೂಪಾಯಿ ಶುಲ್ಕ ಪಡೆದು, ಕಬಿನಿ, ಹೇಮಾವತಿ, ಶರಾವತಿ ಹಿನ್ನೀರುಗಳನ್ನು ಹೋಲಿಸಿ ವರದಿ ಕೊಟ್ಟಿರಿ. ಶರಾವತಿಯೇ ಅಗ್ಗ, ವರ್ಷವಿಡೀ ಮನೆಯೆದುರು ನೀರು ಎಂದು ಬರೆದಿರಿ. ಸಾಗರ ತಾಲ್ಲೂಕಿನಲ್ಲಿ 12 ಗುಂಟೆ ಜಾಗವನ್ನೂ ತೋರಿಸಿದಿರಿ. ನಾನು ನಂಬಿ, ನಿಮ್ಮ ಕೈಗೇ 2 ಲಕ್ಷ ರೂಪಾಯಿ ಮುಂಗಡ ಕೊಟ್ಟೆ.

ಏಪ್ರಿಲ್‌ನಲ್ಲಿ ನಾನೊಬ್ಬಳೇ ಮತ್ತೆ ಹೋಗಿದ್ದೆ. ನವೆಂಬರಿನಲ್ಲಿ ನೀವು ನಿಲ್ಲಿಸಿ ಫೋಟೊ ತೆಗೆದ ಜಾಗದಲ್ಲಿ ನಿಂತರೆ ಎದುರಿಗೆ ಬಿರುಕುಬಿಟ್ಟ ಕೆಂಪು ಮಣ್ಣು, ಅದರ ನಡುವೆ ಒಣಗಿದ ಮರದ ಬೊಡ್ಡೆಗಳು. ನೀರು ಕಾಣಬೇಕಾದರೆ ಕಾಲು ಗಂಟೆ ನಡೆಯಬೇಕಾಯಿತು. ಜಮೀನಿನ ಯಜಮಾನರು, ಹಿರಿಯರು, ಜೊತೆಗೇ ಬಂದರು. “ಅಮ್ಮಾ, ದೀಪಾವಳಿಗೆ ಬಂದವರಿಗೆ ನೀರು ಬೇಲಿಯ ತನಕ ಕಾಣುತ್ತದೆ. ಯುಗಾದಿ ಕಳೆದರೆ ಹೀಗೆಯೇ. ನಿಮ್ಮ ಕಂಪನಿಯವರಿಗೂ ಹೇಳಿದ್ದೆ” ಎಂದರು. ಈ ಹಿನ್ನೀರು ನಿಲ್ಲುವುದು ಲಿಂಗನಮಕ್ಕಿಯಿಂದ, ಅದು 1964ರಲ್ಲಿ ಶರಾವತಿಗೆ ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟೆ. ಗರಿಷ್ಠ ಮಟ್ಟ 1,819 ಅಡಿ ಎಂದು ನೀವೇ ವರದಿಯಲ್ಲಿ ಬರೆದಿದ್ದೀರಿ. ಬೇಸಿಗೆಯಲ್ಲಿ ವಿದ್ಯುತ್ತಿಗೆ ನೀರು ಹರಿಸಿದಷ್ಟೂ ಆ ಮಟ್ಟ ಇಳಿಯುತ್ತದೆ ಎಂಬುದನ್ನು ಮಾತ್ರ ಬರೆಯಲಿಲ್ಲ. ಶಾಲೆಗಳಿಗೆ ರಜೆ ಇದ್ದು ಮನೆಮಂದಿಯೆಲ್ಲ ಪ್ರವಾಸ ಹೊರಡುವುದು ಏಪ್ರಿಲ್, ಮೇ ತಿಂಗಳಲ್ಲಿ. ಮಳೆಗಾಲದಲ್ಲಿ ಆ ರಸ್ತೆಯ ಪಾಡು ನಿಮಗೆ ತಿಳಿಯದ್ದಲ್ಲ. ಹೀಗಿರುವಾಗ ಹನ್ನೆರಡೂ ತಿಂಗಳಿಗೆ ಒಂದೇ ಬಾಡಿಗೆ ಹಿಡಿದು ಆದಾಯದ ಲೆಕ್ಕ ಕಟ್ಟಿದ್ದು ಹೇಗೆ?

ನೀರು ಇಳಿದ ಮಾತ್ರಕ್ಕೆ ಊರು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕಬಿನಿಯಲ್ಲಿ ಬೇಸಿಗೆಯಲ್ಲಿ ನೀರು ಸರಿದ ಬಯಲಿಗೇ ಆನೆಗಳ ಹಿಂಡು ಮೇಯಲು ಬರುತ್ತದೆ, ಅದನ್ನು ನೋಡಲೆಂದೇ ಜನ ಬರುತ್ತಾರೆ. ಹೇಮಾವತಿಯಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚ್ ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಪೂರ್ತಿ ಎದ್ದು ನಿಲ್ಲುತ್ತದೆ. ಎರಡು ಕಾಲಕ್ಕೂ ನೋಡುವವರಿದ್ದಾರೆ. ನೀವು ತೋರಿಸಿದ ಜಾಗದಲ್ಲಿ ನೀರು ಹೋದ ಮೇಲೆ ಪ್ರವಾಸಿಗ ಯಾತಕ್ಕೆ ಉಳಿಯಬೇಕು? ಹೋಲಿಕೆ ಎಂದರೆ ಇದನ್ನು ನೋಡಬೇಕಿತ್ತು. ನಿಮ್ಮ ವರದಿ ಗುಂಟೆಯ ಬೆಲೆಯೊಂದನ್ನೇ ನೋಡಿದೆ.

ಹಿನ್ನೀರಿನಾಚೆಯ ಸಿಗಂದೂರು ಚೌಡೇಶ್ವರಿ ದೇವಸ್ಥಾನಕ್ಕೆ ಹೋಗುವ ಭಕ್ತರು ಬಂದು ತಂಗುತ್ತಾರೆ ಎಂದಿರಿ. ನೀರು ದಾಟಲು ಲಾಂಚ್ (ಯಂತ್ರದ ದೊಡ್ಡ ದೋಣಿ) ಒಂದೇ ಗತಿಯಾಗಿದ್ದಾಗ, ಸಂಜೆಯ ಕೊನೆಯ ಲಾಂಚ್ ತಪ್ಪಿದವರು ತಂಗಲೇಬೇಕಿತ್ತು. 2025ರ ಜುಲೈನಲ್ಲಿ ಹೊಳೆಬಾಗಿಲಿನ ಸೇತುವೆ ತೆರೆದ ಮೇಲೆ ಅಮ್ಮನವರ ದರ್ಶನ ಮುಗಿಸಿ ಅದೇ ದಿನ ಹಿಂದಿರುಗಬಹುದು. ದಶಕಗಳಿಂದ ಸೇತುವೆ ಕೇಳಿದ ದ್ವೀಪದ ಜನರಿಗೆ ಅದು ದೊಡ್ಡ ನೆಮ್ಮದಿ, ನನಗೂ ಸಂತೋಷ. ಆದರೆ ಅದನ್ನೇ ತೋರಿಸಿ ನನಗೆ ಕೋಣೆ ತುಂಬುವ ಆಸೆ ಹುಟ್ಟಿಸಿದ್ದು ಸರಿಯಲ್ಲ.

ಇನ್ನು ಕಾಗದಪತ್ರ. ಪಹಣಿಯ 11ನೇ ಕಾಲಂ ಓದಿದ್ದರೆ ಸಾಕಿತ್ತು: ಅದು ಸರ್ಕಾರ ಮಂಜೂರು ಮಾಡಿದ ಜಮೀನು, ಪರಭಾರೆ (ಮಾರಾಟ) ನಿಷೇಧದ ಅವಧಿ ಇನ್ನೂ ಮುಗಿದಿಲ್ಲ. ಕೃಷಿಯಿಂದ ಬೇರೆ ಬಳಕೆಗೆ ಭೂ ಪರಿವರ್ತನೆ ಆಗಿಲ್ಲ, ಮಾರುವ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆಗೆ ಅರ್ಜಿಯನ್ನೂ ಹಾಕಿಲ್ಲ. ಅಗ್ಗವಾಗಿದ್ದುದಕ್ಕೆ ಕಾರಣ ಇಲ್ಲಿದೆ. ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆಯಲ್ಲಿ ಮಾಲೀಕರೋ ಅವರ ಮನೆಯವರೋ ವಾಸವಿದ್ದರೆ ಮಾತ್ರ ಅದು ಹೋಂಸ್ಟೇ ಎನ್ನಿಸಿಕೊಳ್ಳುತ್ತದೆ. ದಾವಣಗೆರೆಯಲ್ಲಿರುವ ನನಗೆ ಈ ಮಾತನ್ನೂ ನೀವು ತಿಳಿಸಲಿಲ್ಲ.

ನನಗೆ ಹೆಚ್ಚು ನೋವಾದದ್ದು ಬೇರೆ ವಿಷಯಕ್ಕೆ. ನಾನು ಕೊಟ್ಟ 2 ಲಕ್ಷದಲ್ಲಿ ಆ ಹಿರಿಯರ ಕೈಗೆ ಸೇರಿದ್ದು 40,000 ರೂಪಾಯಿ. ಒಮ್ಮೆ ಮುಳುಗಡೆಯಲ್ಲಿ ಮನೆ ಬಿಟ್ಟು ಬಂದ ಕುಟುಂಬ ಅವರದು. ಮಾರಲು ಬಾರದ ಜಮೀನಿಗೆ ಅವರಿಂದ ಸಹಿ ಹಾಕಿಸಿಕೊಂಡದ್ದು ನನಗೆ ಮಾಡಿದ ಮೋಸಕ್ಕಿಂತ ದೊಡ್ಡ ತಪ್ಪು.

ಈ ಪತ್ರ ತಲುಪಿದ 15 ದಿನಗಳೊಳಗೆ ಸಲಹಾ ಶುಲ್ಕ 35,000 ರೂಪಾಯಿಯನ್ನೂ ನಿಮ್ಮಲ್ಲಿ ಉಳಿದಿರುವ 1,60,000 ರೂಪಾಯಿಯನ್ನೂ ನನ್ನ ಖಾತೆಗೆ ಜಮಾ ಮಾಡಿ. ಆ ಜಮೀನಿನ ಜಾಹೀರಾತನ್ನು ತೆಗೆದುಹಾಕಿ. ತಪ್ಪಿದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ, ಸೇವಾ ನ್ಯೂನತೆಗಾಗಿ, ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ರಸೀದಿ, ವರದಿ, ಪಹಣಿ ಮತ್ತು ಎರಡೂ ತಿಂಗಳ ಫೋಟೊಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಉಳಿದ 40,000 ರೂಪಾಯಿ ನನಗೂ ಆ ಹಿರಿಯರಿಗೂ ಸೇರಿದ ವಿಷಯ. ಅಡಿಕೆ ಕೊಯ್ಲಾದ ಮೇಲೆ ಕೊಡುತ್ತೇನೆ ಎಂದಿದ್ದಾರೆ, ನಾನು ಒಪ್ಪಿದ್ದೇನೆ. ವಸೂಲಿಗೆಂದು ನಿಮ್ಮವರು ಯಾರೂ ಅವರ ಮನೆಯ ಮೆಟ್ಟಿಲು ಹತ್ತಬಾರದು.

ಇಂತಿ,
ತಮ್ಮ ಗ್ರಾಹಕಿ, ನಿವೃತ್ತ ಶಿಕ್ಷಕಿ
ದಾವಣಗೆರೆ