ಸಮುದಾಯ ಭವನದಲ್ಲಿ ‘ನ್ಯಾನೋ’ ಸ್ಟಿಕ್ಕರ್ ಮಾರಾಟ

ಮಾನ್ಯ ಸಂಪಾದಕರೇ,

ನಮ್ಮ ಸಮುದಾಯ ಭವನದಲ್ಲಿ ಮಾರಿದ, ಫೋನಿನ ರೇಡಿಯೇಷನ್ ಹೀರುತ್ತದೆ ಎನ್ನುವ ‘ನ್ಯಾನೋ’ ಸ್ಟಿಕ್ಕರ್ ಬಗ್ಗೆ ನಿಮ್ಮಲ್ಲಿ ಬಂದ ವರದಿ ಓದಿ ಸಿಟ್ಟು ಬಂತು. ಮಾರಿದವರು ಹೇಳಿದ್ದನ್ನೇ ಹಾಗ್ಹಾಗೇ ಹಾಕಿದ್ದೀರಿ. ನಮ್ಮ ಅತ್ತೆ ಪಿಂಚಣಿ ಹಣದಲ್ಲಿ ಮನೆಯವರಿಗೆಲ್ಲ ಕೊಂಡು ತಂದರು, ತೋಟದ ಲೈನ್ ಮನೆಯ ಕಾರ್ಮಿಕರಿಗೂ ಹಂಚಿದರು. ಬೇಡ ಅಂದರೆ, ‘ಸರ್ಕಾರಿ ಭವನದಲ್ಲೇ ಮಾರಿದ್ದು, ಮೋಸ ಹೇಗಾಗುತ್ತೆ?’ ಅಂತ ನನ್ನ ಮೇಲೇ ಸಿಡುಕುತ್ತಾರೆ.

ರೇಡಿಯೋ ಅಲೆ ಹೀರುವ ನ್ಯಾನೋ ಕಾಂಪೋಸಿಟ್, ಅಂದರೆ ಅತಿ ಸೂಕ್ಷ್ಮ ಕಣ ಬೆರೆಸಿದ ವಸ್ತು, ಇರುವುದು ನಿಜ. ಪ್ಲಾಸ್ಟಿಕ್ ಅಥವಾ ರಬ್ಬರಿಗೆ ಕಾರ್ಬನ್ ನ್ಯಾನೋಟ್ಯೂಬ್, ಗ್ರಾಫೀನ್ ಎಂಬ ಸೂಕ್ಷ್ಮ ಇಂಗಾಲ, ಫೆರೈಟ್ ಎಂಬ ಕಾಂತೀಯ ವಸ್ತುವಿನ ಪುಡಿ ಬೆರೆಸಿ ಮಾಡುತ್ತಾರೆ. ಬಿದ್ದ ಅಲೆ ಅದರೊಳಗೆ ಶಾಖವಾಗಿ ಹೋಗುತ್ತದೆ. ವಿಮಾನ ರೇಡಾರಿಗೆ ಸುಲಭವಾಗಿ ಸಿಗದಂತೆ ಮಾಡಲು ಇಂಥದ್ದು ಬೇಕು. ಆದರೆ ಯಾವ ಫ್ರೀಕ್ವೆನ್ಸಿಗೆ, ಎಷ್ಟು ಮಿಲಿಮೀಟರ್ ದಪ್ಪಕ್ಕೆ ಎಂದು ಅಳೆದು ತೋರಿಸಬೇಕು. ಬಿದ್ದ ಅಲೆಯಲ್ಲಿ ವಾಪಸ್ ಬರುವುದು ಮೈನಸ್ 10 ಡೆಸಿಬಲ್, ಅಂದರೆ ಹತ್ತರಲ್ಲಿ ಒಂದು ಪಾಲು, ಇದ್ದರೆ ಶೇ 90ರಷ್ಟು ಹೀರಿತು ಎಂದು ಲೆಕ್ಕ. ಸ್ಟಿಕ್ಕರ್ ಮಾರಿದವರ ಹತ್ತಿರ ಅಂಥ ಒಂದು ಕಾಗದವೂ ಇರಲಿಲ್ಲ. ಅಷ್ಟಕ್ಕೂ ಫೋನಿನ ಅಲೆಯನ್ನು ಪೂರ್ತಿ ಹೀರಿಬಿಟ್ಟರೆ ಕರೆ ಹೋಗುವುದು ಹೇಗೆ?

2021ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 5ಜಿ ಅಲೆ ತಡೆಯುವ ಲಾಕೆಟ್ ಅಂತ ಮಾರುತ್ತಿದ್ದ ಕೆಲವು ವಸ್ತುಗಳೇ ದೇಹಕ್ಕೆ ಹಾನಿ ಮಾಡಬಲ್ಲ ವಿಕಿರಣ ಸೂಸುತ್ತಿದ್ದವು. ಧರಿಸಬೇಡಿ ಎಂದು ಅಲ್ಲಿನ ಸರ್ಕಾರಿ ಸಂಸ್ಥೆ ಎಚ್ಚರಿಸಿತ್ತು. ಈ ಸ್ಟಿಕ್ಕರಿನಲ್ಲಿ ಏನಿದೆ ಅಂತ ಇಲ್ಲಿ ಯಾರು ನೋಡಿದ್ದಾರೆ?

ಸಿಗ್ನಲ್ ಕಡಿಮೆ ಇದ್ದಲ್ಲಿ ಫೋನು ಜಾಸ್ತಿ ಶಕ್ತಿಯಿಂದ ಅಲೆ ಬಿಡುತ್ತದೆ. ರೇಡಿಯೇಷನ್ ಭಯ ನಿಜವಾಗಿ ಇದ್ದರೆ ಮೊದಲು ಟವರ್ ಸರಿ ಮಾಡಬೇಕು, ಅಲ್ವಾ? ನಮ್ಮ ಕಡೆ ಮಳೆಗೆ ಕರೆಂಟ್ ಹೋದರೆ ಟವರೂ ಹೋಯಿತು. ಕೇಳಿದರೆ ಡೀಸೆಲ್ ಇಲ್ಲ ಅನ್ನುತ್ತಾರೆ. ಕೊಡಗಿನಲ್ಲಿ 2018ರ ಭೂಕುಸಿತದ ಹೊತ್ತಿನಲ್ಲಿ ತವರಿನವರು ಬದುಕಿದ್ದಾರೋ ಇಲ್ಲವೋ ಅಂತ ತಿಳಿಯದೆ ಒದ್ದಾಡಿದ್ದೇವೆ. ಕೊರೊನಾ ಕಾಲದಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿದರು. ಆಮೇಲೂ ಏನೂ ಬದಲಾಗಿಲ್ಲ. ಕೊಟ್ಟ ಅರ್ಜಿಗಳಿಗೆ ಉತ್ತರವೂ ಇಲ್ಲ.

ಸ್ಟಿಕ್ಕರ್ ವಿಷಯ ಕೇಳಲು ಭವನ ಕೊಟ್ಟ ಅಧಿಕಾರಿಗಳ ಕಚೇರಿಗೆ ಹೋದರೆ, ‘ಬಾಡಿಗೆ ಕಟ್ಟಿದ್ದರು, ಏನು ಮಾರಿದರೋ ಗೊತ್ತಿಲ್ಲ’ ಎಂಬ ಉತ್ತರ. ಮಹಿಳಾ ಸಂಘದ ಸಭೆಗೆ ಅದೇ ಭವನ ಕೇಳಿದರೆ ಬೀಗದ ಕೈ ಸಿಗುವುದಿಲ್ಲ. ಭವನಕ್ಕೆ ಹೋಗುವ ರಸ್ತೆಯಂತೂ ಕೆಸರು, ವಯಸ್ಸಾದವರು ಜಾರಿ ಬಿದ್ದಿದ್ದಾರೆ.

ಮಾರಿದವರನ್ನು ಹಿಡಿದು ಜನರ ಹಣ ವಾಪಸ್ ಕೊಡಿಸಿ. ಟವರಿಗೆ ಡೀಸೆಲ್ ಹಾಕಿಸಿ. ಎರಡೂ ಆಗದಿದ್ದರೆ, ಭವನ ಕೊಟ್ಟ ಅಧಿಕಾರಿಗಳೇ ಮನೆ ಮನೆಗೆ ಬಂದು ನಮ್ಮ ಹಿರಿಯರಿಗೆ ಉತ್ತರ ಹೇಳಲಿ.

— ನೊಂದ ಓದುಗಳು, ಮಡಿಕೇರಿ ತಾಲ್ಲೂಕು