ಗಾಂಧಿ ಮಾತಿನ ಕೆಳಗೆ ಇಸವಿಯೂ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಗಾಂಧಿ ಜಯಂತಿ ಹತ್ತಿರ ಬಂತೆಂದರೆ ನಮ್ಮಂಥ ಬೋರ್ಡ್ ಬರೆಯುವವರಿಗೆ ನಾಲ್ಕು ಕಾಸಿನ ಕೆಲಸ. ಫ್ಲೆಕ್ಸ್ ಬಂದಮೇಲೆ ಅಂಗಡಿ ಬೋರ್ಡುಗಳು ಕೈಬಿಟ್ಟು ಹೋದವು, ಶಾಲೆಯ ಗೋಡೆಗಳು ಉಳಿದವು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮೂವತ್ತೊಂದು ವರ್ಷದಿಂದ ಬರೆಯುತ್ತಿದ್ದೇನೆ. 'ದೇವರೇ ಸತ್ಯ' ಅಂತ ಎಷ್ಟು ಗೋಡೆಗೆ ಬರೆದೆನೋ, 'ಸತ್ಯವೇ ದೇವರು' ಅಂತಲೂ ಹೆಚ್ಚುಕಡಿಮೆ ಅಷ್ಟೇ ಗೋಡೆಗೆ ಬರೆದಿದ್ದೇನೆ. ಎರಡರ ಕೆಳಗೂ 'ಮಹಾತ್ಮಾ ಗಾಂಧಿ'. ಹೆಡ್‌ಮಾಸ್ತರರು ಚೀಟಿಯಲ್ಲಿ ಕೊಟ್ಟದ್ದನ್ನು ಬರೆಯುವವನು ನಾನು. ಪದ ಹಿಂದುಮುಂದಾಗಿದೆ, ಅರ್ಥ ಒಂದೇ ಅಂದುಕೊಂಡಿದ್ದೆ. ನನಗೆ ಗೊತ್ತಿದ್ದ ವ್ಯತ್ಯಾಸವೆಂದರೆ ಮೊದಲನೆಯದರಲ್ಲಿ ಐದು ಅಕ್ಷರ, ಎರಡನೆಯದರಲ್ಲಿ ಆರು. ಗೋಡೆ ಸಣ್ಣದಿದ್ದರೆ ಮೊದಲನೆಯದೇ ಅನುಕೂಲ.

ಕಳೆದ ತಿಂಗಳು ಒಂದು ಶಾಲೆಯಲ್ಲಿ ನಾನು ಏಣಿಯ ಮೇಲಿದ್ದಾಗಲೇ ಕೆಳಗೆ ಜಗಳ ಶುರುವಾಯಿತು. ಗಾಂಧಿ ತಮ್ಮನ್ನು ಸನಾತನಿ ಹಿಂದೂ ಎಂದು ಕರೆದುಕೊಂಡ ಸಾಲನ್ನೇ ಬರೆಸಬೇಕೆಂದು ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿಯವರೊಬ್ಬರು. ಅದೇ ಗಾಂಧಿ 'ಜಾತಿ ಹೋಗಲೇಬೇಕು' ಎಂದು ಬರೆದಿದ್ದಾರೆ, ಅದನ್ನೇ ಬರೆಸಿ ಎಂದು ಒಬ್ಬ ಮೇಡಂ. ಇಬ್ಬರೂ ಮೊಬೈಲ್ ತೆಗೆದು ತೋರಿಸಿದರು. ಮೊದಲ ಕೋಟ್ ಒಣಗುವವರೆಗೆ ನನಗೂ ಕೆಲಸವಿರಲಿಲ್ಲ, ಅಲ್ಲಿನ ಸ್ಟೀಲ್ ಕಪಾಟಿನಿಂದ ಗಾಂಧಿಯವರ ಬರಹಗಳನ್ನು ತೆಗೆದು ಕೂತೆ. ಆಮೇಲೆ ಊರಿನ ಗ್ರಂಥಾಲಯಕ್ಕೂ ಅಲೆದೆ. ಇಬ್ಬರದೂ ಸರಿ ಇತ್ತು. ಸನಾತನಿ ಎಂದದ್ದು 1921ರಲ್ಲಿ, ಅವರದೇ ಪತ್ರಿಕೆ 'ಯಂಗ್ ಇಂಡಿಯಾ'ದಲ್ಲಿ. ಬೇರೆ ಜಾತಿಯವರ ಜೊತೆ ಊಟ, ಮದುವೆ ಬೇಡವೆನ್ನುವ ಕಟ್ಟು ಆತ್ಮದ ಏಳಿಗೆಗೆ ಅಗತ್ಯ ಎಂಬ ಮಾತೂ ಅದೇ ಲೇಖನದಲ್ಲಿದೆ. ಜಾತಿ ಹೋಗಬೇಕು ಎಂದದ್ದು 1935ರಲ್ಲಿ, ಅವರ ಇನ್ನೊಂದು ಪತ್ರಿಕೆ 'ಹರಿಜನ'ದಲ್ಲಿ. ಅಲ್ಲಿ ಊಟಕ್ಕಾಗಲಿ ಮದುವೆಗಾಗಲಿ ಕಟ್ಟು ಇರಕೂಡದು ಎನ್ನುತ್ತಾರೆ. ನಡುವೆ ಹದಿನಾಲ್ಕು ವರ್ಷ. 1940ರ ದಶಕದಲ್ಲಂತೂ ಗಂಡು ಹೆಣ್ಣಿನಲ್ಲಿ ಒಬ್ಬರು ಹರಿಜನರಾಗಿದ್ದರೆ ಮಾತ್ರ ಆ ಮದುವೆಗೆ ತಮ್ಮ ಆಶೀರ್ವಾದ ಅನ್ನುವಲ್ಲಿಗೆ ಬಂದಿದ್ದರು.

ನಾನು ಬರೆಯುತ್ತಿದ್ದ ಎರಡು ವಾಕ್ಯಗಳ ಕಥೆಯೂ ಹೀಗೇ. ಬಹಳ ಕಾಲ ಅವರು ಹೇಳುತ್ತಿದ್ದದ್ದು ದೇವರೇ ಸತ್ಯ ಎಂದು. 1931ರ ಡಿಸೆಂಬರಿನಲ್ಲಿ, ಲಂಡನ್ನಿನ ದುಂಡುಮೇಜಿನ ಪರಿಷತ್ತು ಮುಗಿಸಿ ವಾಪಸಾಗುವಾಗ, ಸ್ವಿಟ್ಜರ್ಲೆಂಡಿನ ಲೊಸಾನ್ ಊರಿನಲ್ಲಿ ಯಾರೋ ಕೇಳಿದ್ದಕ್ಕೆ, ಈಗ ತಾನು ಸತ್ಯವೇ ದೇವರು ಅನ್ನುತ್ತೇನೆ, ಈ ಹೆಜ್ಜೆ ಇಟ್ಟು ಎರಡು ವರ್ಷವಾಯಿತು ಎಂದು ವಿವರಿಸಿದರು. ದೇವರಿಲ್ಲ ಅನ್ನುವವನು ಸಿಗುತ್ತಾನೆ, ಸತ್ಯ ಬೇಡ ಅನ್ನುವವನು ಸಿಗುವುದಿಲ್ಲ ಎಂಬುದು ಅವರ ತರ್ಕ. ಪದ ಹಿಂದುಮುಂದಾದದ್ದರಿಂದ ನಾಸ್ತಿಕನಿಗೂ ಕೂರಲು ಚಾಪೆ ಸಿಕ್ಕಿತು. ನಾನು ಅಕ್ಷರ ಎಣಿಸಿಕೊಂಡು ಕೂತಿದ್ದೆ!

ಅವರ ಆತ್ಮಕಥೆಯಲ್ಲಿ ನನ್ನ ಮನಸ್ಸಿಗೆ ಅಂಟಿದ್ದು ತುಳಸಿ ಮಣಿಯ ಪ್ರಸಂಗ. ಚಿಕ್ಕವರಿದ್ದಾಗ ಭೂತದ ಭಯಕ್ಕೆ ಮನೆಯ ದಾದಿ ರಂಭಾ ರಾಮನಾಮ ಹೇಳಿಕೊಟ್ಟಳು. ಅಪ್ಪನ ಪುಸ್ತಕಗಳಲ್ಲಿದ್ದ ಮನುಸ್ಮೃತಿ ಓದಿ ಸ್ವಲ್ಪ ನಾಸ್ತಿಕತೆಯ ಕಡೆ ವಾಲಿದರಂತೆ. ಗೀತೆ ಓದಿದ್ದು ಲಂಡನ್ನಿನಲ್ಲಿ, ಅದೂ ಇಂಗ್ಲಿಷಿನಲ್ಲಿ. 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾಕ್ಕೆ ಹೋದಾಗ ಕೋಟ್ಸ್ ಎಂಬ, ಕ್ರೈಸ್ತರ ಕ್ವೇಕರ್ ಪಂಗಡದ ಗೆಳೆಯ ಇವರ ಕೊರಳಲ್ಲಿ ತುಳಸಿ ಮಣಿ ಕಂಡು, ಇದೆಲ್ಲ ಮೂಢನಂಬಿಕೆ, ಕೊಡು ನಾನೇ ಹರಿಯುತ್ತೇನೆ ಅಂದ. ಇವರು ಬಿಡಲಿಲ್ಲ, ಅಮ್ಮ ಹಾಕಿದ್ದು ಅಂದರು. ಇದರಲ್ಲಿ ನಂಬಿಕೆ ಇದೆಯೇ ಅಂದರೆ, ಇದರ ಮಹಿಮೆ ನನಗೆ ತಿಳಿಯದು, ಹಾಕದಿದ್ದರೆ ಕೇಡಾಗುತ್ತದೆಂದೂ ಅನ್ನಿಸುವುದಿಲ್ಲ, ಆದರೆ ಪ್ರೀತಿಯಿಂದ ಹಾಕಿದ್ದನ್ನು ಕಾರಣವಿಲ್ಲದೆ ತೆಗೆಯಲಾರೆ, ತಾನಾಗಿ ಸವೆದು ಹರಿದ ದಿನ ಹೊಸದು ಹಾಕಿಕೊಳ್ಳುವುದಿಲ್ಲ ಅಂದರು.

ಅವರ ಹಳೆಯ ನಂಬಿಕೆಗಳೆಲ್ಲ ಹಾಗೆ ತಾವಾಗಿ ಸವೆದದ್ದಲ್ಲ ಅನ್ನಿ. ಜಾತಿಯ ವಿಷಯದಲ್ಲಿ ಅಂಬೇಡ್ಕರರು ಎದುರು ನಿಂತು ಜಗ್ಗಿದ್ದೂ ಇದೆ. ಆದ್ದರಿಂದ 1921ರ ಸಾಲನ್ನು ಸುಣ್ಣ ಬಳಿದು ಮುಚ್ಚಬೇಕು ಎನ್ನುವ ಪೈಕಿ ನಾನಲ್ಲ. ಅದನ್ನು ಅವರೇ ಬರೆದದ್ದು, ಓದಿ ನೊಂದವರೂ ಇದ್ದಾರೆ.

ನಮ್ಮ ಊರು ಶಿರಸಿಗೆ ಗಾಂಧಿ ಬಂದದ್ದು 1934ರಲ್ಲಿ. ಮಾರಿಗುಡಿಯಲ್ಲಿ ಆಗ ಕೋಣ ಕಡಿಯುತ್ತಿದ್ದರು, ಅದಕ್ಕೇ ಗುಡಿಗೆ ಬರಲು ಒಪ್ಪಲಿಲ್ಲ. ಆಮೇಲೆ ಬಲಿ ನಿಂತಿತು. (ಆ ಗೋಡೆಯ ಕಾವಿ ಚಿತ್ರಗಳನ್ನು ಅವರು ನೋಡದೆ ಹೋದರಲ್ಲ ಎಂದು ನಮ್ಮಂಥವರಿಗೆ ಒಂದು ಸಣ್ಣ ಬೇಸರ.) ಮೂರ್ತಿಪೂಜೆ ತನಗೆ ಒಲ್ಲದ್ದೇನಲ್ಲ ಎಂದು 1921ರಲ್ಲಿ ಬರೆದವರು ಇಲ್ಲಿ ಗುಡಿಯ ಹೊರಗೇ ಉಳಿದರು. ಅದೇ 1934ರಲ್ಲಿ ಬಿಹಾರದ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅಂದದ್ದೂ ಅವರೇ. ರವೀಂದ್ರನಾಥ ಟ್ಯಾಗೋರರು ಇದು ಸರಿಯಲ್ಲ ಎಂದು ಬಹಿರಂಗವಾಗಿ ಬರೆದರು, ಗಾಂಧಿ ಅದನ್ನು ತಮ್ಮ ಪತ್ರಿಕೆಯಲ್ಲೇ ಅಚ್ಚು ಹಾಕಿದರು, ತಮ್ಮ ಮಾತನ್ನು ಮಾತ್ರ ಬಿಡಲಿಲ್ಲ. ನನಗೆ ಟ್ಯಾಗೋರರೇ ಸರಿ ಕಾಣುತ್ತಾರೆ.

ಈ ಗೊಂದಲ ಬರುತ್ತದೆಂದು ಅವರಿಗೇ ಗೊತ್ತಿತ್ತು. 1933ರ ಏಪ್ರಿಲ್ 29ರ 'ಹರಿಜನ'ದಲ್ಲಿ, ನನ್ನ ಎರಡು ಬರಹಗಳು ಒಂದಕ್ಕೊಂದು ತಾಳೆಯಾಗದಿದ್ದರೆ, ನನ್ನ ಬುದ್ಧಿ ಸ್ವಸ್ಥವಾಗಿದೆ ಎಂಬ ನಂಬಿಕೆ ನಿಮಗೆ ಉಳಿದಿದ್ದರೆ, ಆಮೇಲೆ ಬರೆದದ್ದನ್ನೇ ಆರಿಸಿಕೊಳ್ಳಿ ಎನ್ನುವ ಅರ್ಥದಲ್ಲಿ ಬರೆದಿದ್ದಾರೆ. ಆಮೇಲಿನದು ಯಾವುದು ಎಂದು ಮಕ್ಕಳಿಗೆ ತಿಳಿಯುವುದು ಹೇಗೆ, ಗೋಡೆಯ ಮೇಲೆ ಇಸವಿಯೇ ಇಲ್ಲದಿದ್ದರೆ?

ತಪ್ಪು ನನ್ನದೂ ಇದೆ. ಕೆಲವು ಚೀಟಿಗಳಲ್ಲಿ ಇಸವಿ ಇರುತ್ತಿತ್ತು. ಕೊನೆಗೆ ಜಾಗ ಸಾಲದೆ ಬಂದಾಗ ನಾನು ಮೊದಲು ಬಿಡುತ್ತಿದ್ದದ್ದು ಅದನ್ನೇ.

ಜಗಳವಾದ ಶಾಲೆಯ ಗೋಡೆ ಇನ್ನೂ ಖಾಲಿ ಇದೆ. ಎರಡೂ ಸಾಲನ್ನು ಒಂದರ ಕೆಳಗೊಂದು ಬರೆದು, ಪಕ್ಕದಲ್ಲಿ 1921, 1935 ಎಂದು ಹಾಕೋಣವೇ ಎಂದು ಕೇಳಿದ್ದೇನೆ. ಮೇಡಂ ಹೂಂ ಅಂದಿದ್ದಾರೆ, ಎಸ್‌ಡಿಎಂಸಿಯವರು ಮೀಟಿಂಗಿನಲ್ಲಿ ಇಡುತ್ತೇವೆ ಅಂದಿದ್ದಾರೆ. ಈ ಅಕ್ಟೋಬರಿನಲ್ಲಿ ಗೋಡೆ ಬರೆಸುವ ಬೇರೆ ಶಾಲೆಗಳವರೂ ಚೀಟಿಯಲ್ಲಿ ಇಸವಿ ಸೇರಿಸಿ ಕೊಡಲಿ. ನಾನು ಚದರಡಿ ಲೆಕ್ಕದವನು, ಇಸವಿಗೆ ಬೇರೆ ದುಡ್ಡು ಕೇಳುವುದಿಲ್ಲ.

ಇಂತಿ,
ಒಬ್ಬ ಬೋರ್ಡ್ ಬರೆಯುವವ, ಶಿರಸಿ